ಕೆಳಮನೆಗೆ ಅರ್ಧ, ಮೇಲ್ಮನೆಗೆ ಅರ್ಧ

ನಮ್ಮ ಷಡ್ಡಕರಿಗೆ ಇಡೀ ಪೇಡೆ ಕೊಟ್ಟು ನೋಡಿ, ಅರ್ಧ ಮುರಿದು ವಾಪಸು ಕೊಡುತ್ತಾರೆ. ಸಕ್ಕರೆ ಕಾಯಿಲೆಯೇ ಅಂತೀರಾ? ಅಲ್ಲ, ಶಿಕ್ಷಣ ವಿಧೇಯಕ! ಇಂಥ ಮನುಷ್ಯನನ್ನು ಕಂಡು ನಿನಗೇಕೆ ಹೊಟ್ಟೆಯುರಿ ಎಂದು ಕೇಳಬೇಡಿ. ಉರಿಯುತ್ತದೆ, ಅಷ್ಟೆ.

ನಾನು ಖಡಕಿಯ ಕಾರ್ಖಾನೆಯಲ್ಲಿ ಕಾಯಂ ಗುಮಾಸ್ತ. ಅವರು ನನ್ನ ಹೆಂಡತಿಯ ಅಕ್ಕನ ಗಂಡ. ಯೆರವಡಾದ ಅನುದಾನವಿಲ್ಲದ ಶಾಲೆಯೊಂದರಲ್ಲಿ ಗಣಿತದ ಮಾಸ್ತರು. ವರ್ಷಾನುಗಟ್ಟಲೆಯಿಂದ ಹಂಗಾಮಿ. ಜೂನ್‌ನಲ್ಲಿ ಹೊಸ ಆರ್ಡರು, ಏಪ್ರಿಲ್‌ನಲ್ಲಿ ಮನೆಗೆ. ಇಂಥವರನ್ನು ಕಾಯಂ ಮಾಡುವ ವಿಧೇಯಕ ಬಂದೀತೆಂದು ಅವರು ಕಾದೇ ಕಾದರು. ಶಿಕ್ಷಣದ ವಿಧೇಯಕಗಳಿಗೆ ಪಾಳಿ ಬರುವುದೇ ಅಧಿವೇಶನದ ಕೊನೆಯ ದಿನ, ಶಾಸಕರು ಊರಿಗೆ ಹೊರಡುವ ಗಡಿಬಿಡಿಯಲ್ಲಿ. ಆ ದಿನ ಇವರು ರಜೆ ಹಾಕಿ, ತಲೆಗೆ ಸ್ನಾನ ಮಾಡಿ ರೇಡಿಯೋ ಮುಂದೆ ಕೂಡುತ್ತಿದ್ದರು.

ಒಮ್ಮೆ ಅದು ಕೆಳಮನೆಯಲ್ಲಿ ಪಾಸಾಯಿತು. ಇವರು ತಾವಿದ್ದ ಚಾಳಿನ ಮನೆಗಳಿಗೆಲ್ಲ ಪೇಡೆ ಹಂಚಿದರು. ಮೇಲ್ಮನೆಗೆ ಹೋಗುವಷ್ಟರಲ್ಲಿ ಅಧಿವೇಶನವೇ ಮುಗಿದು ವಿಧೇಯಕ ಅಲ್ಲಿಯೇ ಕೂತಿತು. ಬೇರೆಯವರಾಗಿದ್ದರೆ ಮುಸುಕು ಹಾಕಿ ಮಲಗುತ್ತಿದ್ದರು. ಇವರೋ, ನಿನ್ನೆ ಅರ್ಧ ಪೇಡೆ ಹೆಚ್ಚಿಗೆ ಕೊಟ್ಟೆ, ತಪ್ಪಾಯಿತು ಎಂದು ಮನೆಮನೆಗೂ ಹೋಗಿ ಕೈಮುಗಿದು ಬಂದರು! ಅಂದಿನಿಂದ ಶಿಕ್ಷಣದ ಯಾವ ವಿಧೇಯಕವೇ ಆಗಲಿ, ಕೆಳಮನೆ ದಾಟಿದರೆ ಅರ್ಧ ಪೇಡೆ, ಮೇಲ್ಮನೆ ದಾಟಿದರೆ ಉಳಿದರ್ಧ. ಇಂಥ ಹುಚ್ಚಿಗೂ ನಮ್ಮ ಬಳಗ ಭಲೇ ಎನ್ನುತ್ತಿತ್ತು. ನಾನು ಕಾಯಂ ಆದಾಗ ಮಾತ್ರ ಯಾರೂ ಕಾಲು ಪೇಡೆ ಕೊಡಲಿಲ್ಲ.

ತೊಂಬತ್ತರ ದಶಕದ ಕೊನೆಗೆ ವಿಮಾನ ನಗರದಲ್ಲಿ ಫ್ಲ್ಯಾಟು ಕೊಂಡೆ. ವಾಸ್ತುಶಾಂತಿಯ ದಿನವೇ ಅಧಿವೇಶನದ ಕೊನೆಯ ದಿನವಾಗಬೇಕೇ? ನನ್ನ ಅಡುಗೆಮನೆಯ ಹೊಸ ಕಟ್ಟೆ ಯಾರೂ ನೋಡಲಿಲ್ಲ. ಬಂದವರೆಲ್ಲ ಷಡ್ಡಕರ ರೇಡಿಯೋ ಸುತ್ತ. ಪೂಜೆಗೆ ಬಂದ ಭಟ್ಟರೂ ಮಂತ್ರ ನಿಲ್ಲಿಸಿ, "ಪಾಸಾತೇನ್ರಿ?" ಎಂದರು. ಆಗಿರಲಿಲ್ಲ. ನಮ್ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಮನೆ ನೋಡಿ ಆನಂದಕ್ಕಲ್ಲ!

ಭಾವನ ಮುಖ ನೋಡಿ ಕರುಳು ಚುರ್ ಎಂದಿತು, ನಿಮಗೇನೂ ಅನ್ನಿಸಲಿಲ್ಲವೇ ಎಂದಳು ಹೆಂಡತಿ. ಅನ್ನಿಸಿತ್ತು. ಯಾರೂ ನೋಡದ ಹೊಸ ಕಟ್ಟೆಯನ್ನು ಇನ್ನೊಮ್ಮೆ ಒರೆಸಲು ಹೋದೆ.

ಕೆಲವು ವರ್ಷದ ಮೇಲೆ ಒಂದು ಬೆಳಿಗ್ಗೆ ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ ಕಂಡಿತು: ಶಿಕ್ಷಕರ ವಿಧೇಯಕ ಎರಡೂ ಮನೆಗಳಲ್ಲಿ ಪಾಸು. ಷಡ್ಡಕರ ರೇಡಿಯೋ ಕೆಟ್ಟು ಕೂತಿತ್ತು; ಅವರಿಗಿಂತ ಮೊದಲು ನನಗೆ ಗೊತ್ತಾಗಿದೆ, ಬಳಗದ ಭಲೇ ಈ ಸಲ ನನಗೆ! ಕೆಳಗಿನ ಸಾಲು ಓದುವ ವ್ಯವಧಾನ ಯಾರಿಗಿದೆ? ಒಂದು ಕಿಲೋ ಪೇಡೆ ಕಟ್ಟಿಸಿ ಸ್ಕೂಟರಿನಲ್ಲಿ ಯೆರವಡಾಕ್ಕೆ ಓಡಿದೆ. ಇಡೀ ಇಡೀ ಪೇಡೆಯನ್ನೇ ಹಂಚಿದೆ. ಹೆಂಡತಿಯ ಅಕ್ಕ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಷಡ್ಡಕರು ಪೇಪರು ಬಿಡಿಸಿ ಕೊನೆಯ ಸಾಲಿನವರೆಗೂ ಓದಿದರು. ಅದು ಅನುದಾನವಿರುವ ಶಾಲೆಗಳಿಗೆ ಮಾತ್ರವಾಗಿತ್ತು. ಪೇಪರು ಮಡಿಚಿಟ್ಟು, "ಪೇಡೆ ಛಲೋ ಅದಾವ್ರಿ," ಎಂದರು. ದೀಪ ಉರಿಯುತ್ತಲೇ ಇತ್ತು. ನಾನು ಎರಡು ತಿಂಗಳು ಯೆರವಡಾದ ಕಡೆ ತಲೆ ಹಾಕಲಿಲ್ಲ.

ಅವರು ಹಂಗಾಮಿಯಾಗಿಯೇ ಒಂದು ಏಪ್ರಿಲ್ ತಿಂಗಳಲ್ಲಿ ನಿವೃತ್ತರಾದರು. ಅದೇ ಜುಲೈನಲ್ಲಿ, ಮತ್ತೆ ಕೊನೆಯ ದಿನವೇ, ಅವರು ಕಾದಿದ್ದ ವಿಧೇಯಕ ಎರಡೂ ಮನೆ ದಾಟಿತು. ಈ ಸಲ ನಾನು ಪೂರ್ತಿ ಓದಿದೆ. ನಿವೃತ್ತರಾದವರಿಗೆ ಅನ್ವಯವಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಕೂತಿದ್ದೆ; ಅವರೇ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನನ್ನ ಜಾಗಾಕ್ಕ ಬಂದ ಹುಡುಗಿ ಕಾಯಂ ಆದಳ್ರಿ," ಎನ್ನುತ್ತ ನನ್ನ ಹೆಂಡತಿಯ ಕೈಯಲ್ಲಿ ಎರಡು ಅರ್ಧಗಳನ್ನಿಟ್ಟರು. ನನಗೆ ಮಾತ್ರ ಮುರಿಯದ ಇಡೀ ಪೇಡೆ ತೆಗೆದರು. ನನಗೇಕೆ ಇಡೀದು ಎಂದು ಕೇಳಿದೆ.

"ಅವತ್ತ ಸ್ಕೂಟರ್ ಹೊಡ್ಕೊಂಡ ಓಡಿ ಬಂದಿದ್ರೆಲ್ಲಾ? ನನ್ನ ಸಲುವಾಗಿ ಅಷ್ಟ ಖುಷಿ ಪಟ್ಟವರು ಬಳಗದಾಗ ನೀವೊಬ್ಬರ ನೋಡ್ರಿ."

ಅದು ಖುಷಿಯಲ್ಲ, ಹೊಟ್ಟೆಕಿಚ್ಚು ಎಂದು ಹೇಳಿಯೇಬಿಡೋಣವೆಂದು ಬಾಯಿ ತೆರೆದೆ. ಅವರು ಪೇಡೆಯನ್ನು ತಾವೇ ನನ್ನ ಬಾಯಿಗಿಟ್ಟರು.