ಮರಳುಗಾಡಿನಿಂದ ಹಡಗು ಹತ್ತಿದವರು

ಮನೆ ಬಿಟ್ಟು ಹೊರಟ ಮನುಷ್ಯನಿಗೆ ದಾರಿಯಲ್ಲಿ ಏನಾದರೊಂದು ಆಗದೇ ಇರುವುದಿಲ್ಲ. ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕುವೈತಿನ ಮೈದಾನ್ ಹವಲ್ಲಿಯ ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿ ಕೂತು ಜನರನ್ನು ಹೊರಡಿಸಿದವನು ನಾನು. ಹೊರಡುವಾಗ ಎಲ್ಲರೂ ಒಂದೇ ಥರ ಇರುತ್ತಾರೆ. ವಾಪಸ್ ಬಂದು ನನ್ನ ಮೇಜಿನ ಮುಂದೆ ಕೂತಾಗಲೇ ಒಬ್ಬೊಬ್ಬರದು ಒಂದೊಂದು ಕಥೆ. ಈಗ ಆ ಆಫೀಸಿಲ್ಲ. ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರಂತೆ. ಟಿಕೆಟ್ಟು ಬುಕ್ ಮಾಡಲು ಯಾರೂ ಯಾರ ಮುಂದೆಯೂ ಕೂರಬೇಕಾಗಿಲ್ಲ. ಕಥೆ ಹೇಳಲು ಅವರೆಲ್ಲ ಈಗ ಎಲ್ಲಿಗೆ ಹೋಗುತ್ತಾರೋ ಗೊತ್ತಿಲ್ಲ.

೧. ಸೇಬು

ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಲೆಬನಾನಿನವರು. ಒಂದು ಬೇಸಿಗೆಯಲ್ಲಿ ಅವರಿಗೆ ಇದ್ದಕ್ಕಿದ್ದಂತೆ ಮೆಡಿಟರೇನಿಯನ್ ಕ್ರೂಸ್ ಮಾರುವ ಹುಕಿ ಬಂತು. ವಿಮಾನದ ಟಿಕೆಟ್ಟನ್ನು ಎಲ್ಲರೂ ಮಾರುತ್ತಾರೆ, ನಾವು ಹಡಗು ಮಾರೋಣ ಎಂದರು. ಹೋಗುವವರಿಗೆ ಕೊಡಲು ಒಂದು ಹಾಳೆಯಲ್ಲಿ ಸಲಹೆಗಳನ್ನು ಬರೆ ಎಂದು ನನಗೆ ಹೇಳಿದರು. ನಾನು ತುಮಕೂರು ಕಡೆಯವನು. ನಾನು ಅಲ್ಲಿಯವರೆಗೆ ಹತ್ತಿದ್ದ ಏಕೈಕ ಜಲವಾಹನವೆಂದರೆ ನಮ್ಮೂರ ಕೆರೆಯ ತೆಪ್ಪ. ಆದರೂ ಬರೆದೆ. ಹಡಗಿನ ಕಂಪನಿಯವರು ಕಳಿಸಿದ ಪುಸ್ತಕ ಓದಿ, ಯಾವ ಬಂದರಿನಲ್ಲಿ ಯಾವ ಚಪ್ಪಲಿ ಹಾಕಬೇಕು, ಹಡಗಿನೊಳಗೆ ದಾರಿ ತಪ್ಪಿದರೆ ಏನು ಮಾಡಬೇಕು ಎಲ್ಲ ಬರೆದೆ. ಅದರಲ್ಲಿ ಆರನೆಯ ಸಲಹೆ: ಸಮುದ್ರ ಜೋರಾಗಿದ್ದು ಹೊಟ್ಟೆ ತೊಳಸುವಂತಿದ್ದರೆ ಜೊತೆಯಲ್ಲಿ ಒಂದು ಹಸಿರು ಸೇಬು ಇಟ್ಟುಕೊಳ್ಳಿ.

ಮೊದಲು ಹೋದವರು ಕುವೈತಿನ ರಿಗ್ಗೈಯಲ್ಲಿದ್ದ ಒಬ್ಬ ಗಣಿತದ ಮೇಷ್ಟ್ರು ಮತ್ತು ಅವರ ಹೆಂಡತಿ. ಹತ್ತು ದಿನ ಬಿಟ್ಟು ಮೇಷ್ಟ್ರು ಆಫೀಸಿಗೆ ಬಂದರು. ಮುಖ ಇಳಿದುಹೋಗಿತ್ತು. ಜೇಬಿನಿಂದ ಸುಕ್ಕುಗಟ್ಟಿದ ಒಂದು ಸೇಬನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

ಏಳು ದಿನವೂ ಅವರಿಗೆ ವಾಂತಿಯಂತೆ. ಏಳು ದಿನವೂ ಸೇಬನ್ನು ಮಂತ್ರಿಸಿದ ನಿಂಬೆಹಣ್ಣಿನ ಹಾಗೆ ಜೇಬಿನಲ್ಲಿಟ್ಟುಕೊಂಡೇ ಓಡಾಡಿದರಂತೆ. ಮಲಗುವಾಗ ದಿಂಬಿನ ಕೆಳಗೆ.

"ಸಾರ್, ತಿನ್ನಲಿಲ್ವಾ?" ಎಂದೆ.

ಅವರು ನನ್ನ ಹಾಳೆಯನ್ನು ಬಿಡಿಸಿ, ಆರನೆಯ ಸಲಹೆಯ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು. "ಇಟ್ಟುಕೊಳ್ಳಿ ಅಂತ ಬರೆದಿದ್ದೀರಿ. ತಿನ್ನಿ ಅಂತ ಎಲ್ಲಿ ಬರೆದಿದ್ದೀರಿ ತೋರಿಸಿ."

ಬರೆದಿರಲಿಲ್ಲ. ಸೊನ್ನೆ ಅಂಕ ಪಡೆದವನ ಹಾಗೆ ಕೈಕಟ್ಟಿ ಕೂತೆ.

೨. ಚಕ್ಕುಲಿ ಡಬ್ಬಿ

ಮರುವರ್ಷ ಮುದೀರ್ ಒಂದು ಗುಂಪನ್ನೇ ಕಳಿಸಲು ನಿರ್ಧರಿಸಿದರು. ಹದಿನೆಂಟು ಜನ, ಎಲ್ಲರೂ ಕರ್ನಾಟಕದವರು. ಅವರ ಜೊತೆ ಹೋಗಬೇಕಾದವನು ನಾನು. ಹೊರಡುವ ದಿನ ಮುದೀರ್ ನನ್ನನ್ನು ಒಳಗೆ ಕರೆದು, ಹದಿನೆಂಟು ಜನ ಹೋಗಿ ಹದಿನೆಂಟು ಜನ ವಾಪಸ್ ಬರಬೇಕು, ಹದಿನೇಳಾದರೆ ನೀನೂ ಅಲ್ಲೇ ಇದ್ದುಬಿಡು, ಇಲ್ಲಿ ನಿನ್ನ ಕೆಲಸ ಖಲಾಸ್ ಎಂದರು. ನಗುತ್ತಲೇ ಹೇಳಿದರು. ಆದರೆ ನನ್ನ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ನವೀಕರಿಸುವ ತಿಂಗಳು ಅದು, ನನಗೆ ನಗು ಬರಲಿಲ್ಲ.

ರೋಮಿನ ಹತ್ತಿರದ ಬಂದರಿನಲ್ಲಿ ಹಡಗು ಹತ್ತಿದೆವು. ಹತ್ತಿದ ದಿನವೇ ಒಂದು ಕವಾಯತು ಮಾಡಿಸುತ್ತಾರೆ. ಸೈರನ್ ಆದ ಕೂಡಲೇ ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡು, ಗೊತ್ತುಮಾಡಿದ ಜಾಗಕ್ಕೆ ಬಂದು ಸಾಲಾಗಿ ನಿಲ್ಲಬೇಕು. ಕೈಯಲ್ಲಿ ಏನೂ ಇರಕೂಡದು.

ನಮ್ಮ ಗುಂಪಿನಲ್ಲಿ ಮೈಸೂರಿನ ಒಂದು ಸಂಸಾರವಿತ್ತು. ಮಗ ಎಂಜಿನಿಯರ್, ಸೊಸೆ ಡಾಕ್ಟರ್, ಜೊತೆಗೆ ವಿಸಿಟ್ ವೀಸಾದಲ್ಲಿ ಬಂದಿದ್ದ ಮಗನ ತಾಯಿ. ವಯಸ್ಸು ಎಪ್ಪತ್ತರ ಮೇಲೆ. ಎಲ್ಲರೂ ಅವರನ್ನು ಅಜ್ಜಿ ಎನ್ನುತ್ತಿದ್ದರು. ಸೈರನ್ ಆಯಿತು, ಸಾಲು ನಿಂತಿತು. ಅಜ್ಜಿ ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಬಿಗಿದು, ಎರಡೂ ಕೈಯಲ್ಲಿ ಒಂದು ದೊಡ್ಡ ಸ್ಟೀಲ್ ಡಬ್ಬಿ ಅಪ್ಪಿಕೊಂಡು ಬಂದರು. ತುಂಬ ಚಕ್ಕುಲಿ.

ಹಡಗಿನ ಅಧಿಕಾರಿ, ಒಬ್ಬ ಎತ್ತರದ ಯುವಕ, ಡಬ್ಬಿಯನ್ನು ಕೋಣೆಯಲ್ಲಿ ಬಿಟ್ಟು ಬರಬೇಕು ಎಂದ. ನಾನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ.

ಅಜ್ಜಿ ಕದಲಲಿಲ್ಲ. "ನಿಜವಾಗ್ಲೂ ಮುಳುಗಿದಾಗ ನಾನು ಈ ಡಬ್ಬಿ ಬಿಟ್ಟು ಬರೋಳಲ್ಲ ಕಣಪ್ಪ. ಮಕ್ಕಳು ದೋಣೀಲಿ ಹಸ್ಕೊಂಡು ಕೂರಬೇಕಾ? ಇದು ಪ್ರಾಕ್ಟೀಸ್ ತಾನೆ? ಹಾಗಾದ್ರೆ ಡಬ್ಬಿ ಹಿಡ್ಕೊಂಡೇ ಪ್ರಾಕ್ಟೀಸ್ ಮಾಡ್ಬೇಕು. ಹೇಳು ಅವನಿಗೆ."

ಹೇಳಿದೆ. ಅಷ್ಟರಲ್ಲಿ ಅಜ್ಜಿ ಮುಚ್ಚಳ ತೆಗೆದು ಅವನಿಗೊಂದು ಕೊಟ್ಟರು. ಅವನು ಕಡಿದ, ಇನ್ನೊಂದು ತೆಗೆದುಕೊಂಡ, ಪಟ್ಟಿಯಲ್ಲಿ ಅಜ್ಜಿಯ ಹೆಸರಿಗೆ ಗುರುತು ಹಾಕಿ ಮುಂದಕ್ಕೆ ಹೋದ. ಆಮೇಲೆ ಪ್ರತಿದಿನ ನನ್ನನ್ನು ಕಂಡಾಗಲೆಲ್ಲ ಅವನು ಕೇಳುತ್ತಿದ್ದುದು ಒಂದೇ: ಮತ್ತೆ ಕವಾಯತು ಬೇಕೆಂದು ನಿಮ್ಮ ಅಜ್ಜಿಗೆ ಅನಿಸುತ್ತಿಲ್ಲವೇ?

೩. ವರಪರೀಕ್ಷೆ

ಹಡಗಿನಲ್ಲಿ ಊಟದ ಮೇಜು ಗೊತ್ತುಮಾಡಿರುತ್ತಾರೆ. ವಾರವಿಡೀ ಅದೇ ಮೇಜು, ಅದೇ ವೇಟರ್. ನನ್ನ ಮೇಜಿನಲ್ಲಿ ಮಂಗಳೂರಿನ ದಂಪತಿ ಇದ್ದರು. ಆಕೆ ಕುವೈತಿನ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್. ಮನೆಮಾತು ಕೊಂಕಣಿ. ನಾನು ಕುವೈತಿಗೆ ಬಂದ ಹೊಸತರಲ್ಲಿ ಆರು ವರ್ಷ ಮಂಗಳೂರಿನ ನಾಲ್ವರ ಜೊತೆ ಒಂದೇ ಕೋಣೆಯಲ್ಲಿದ್ದವನು. ಅವರ ಮೀನುಸಾರಿನ ಜೊತೆಗೆ ಕೊಂಕಣಿಯೂ ನನಗೆ ಒಗ್ಗಿತ್ತು. ಇದು ನರ್ಸಮ್ಮನಿಗೆ ಗೊತ್ತಿರಲಿಲ್ಲ.

ವೇಟರ್ ಲಕ್ಷಣವಾದ ಹುಡುಗ. ಎದೆಯ ಬಿಲ್ಲೆಯಲ್ಲಿ ಹೆಸರು, ಅದರ ಕೆಳಗೆ ಇಂಡಿಯಾ ಎಂದಿತ್ತು. ನಮ್ಮ ಜೊತೆ ಹಿಂದಿಯಲ್ಲಿ ಮಾತಾಡಿದ್ದರಿಂದ ಬಾಂಬೆಯವನು ಎಂದು ನರ್ಸಮ್ಮ ತೀರ್ಮಾನಿಸಿಬಿಟ್ಟರು. ಅವರ ತಂಗಿಯ ಮಗಳಿಗೆ ಗಂಡು ಹುಡುಕುತ್ತಿದ್ದರು. ಅವನು ಸೂಪ್ ತಂದಿಟ್ಟು ಆ ಕಡೆ ತಿರುಗುವುದೇ ತಡ, ಗಂಡನಿಗೆ ಕೊಂಕಣಿಯಲ್ಲಿ ವರದಿ ಶುರು. ಎತ್ತರ ಸಾಕು, ಬಣ್ಣ ಪರವಾಗಿಲ್ಲ, ಕೊರಳಲ್ಲಿ ಶಿಲುಬೆ ಇದೆ, ಅಂದರೆ ನಮ್ಮವನೇ. ಮೂಗು ಅವನ ತಾಯಿಯದ್ದಿರಬೇಕು. ಮುಂದಿನ ಹಲ್ಲು ಮಾತ್ರ ಸ್ವಲ್ಪ ಉಬ್ಬು, ಅದನ್ನು ಸರಿಮಾಡಿಸಬಹುದು. ಗಂಡ ತಲೆ ಎತ್ತದೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಹುಡುಗ ನಡೆಯುವುದು ಸ್ವಲ್ಪ ಓರೆ ಎಂದು ಎರಡನೆಯ ದಿನ ಅನುಮಾನ ಬಂತು. ಹಡಗು ಓಲಾಡಿದ್ದರಿಂದ ಎಂದು ತಾವೇ ಸಮಾಧಾನ ಮಾಡಿಕೊಂಡರು.

ಮೂರನೆಯ ದಿನ ಅವನು ಐಸ್‌ಕ್ರೀಮ್ ತಂದಿಟ್ಟು, ಆಕೆಯ ಪಕ್ಕ ಬಾಗಿ, ಅಚ್ಚ ಕೊಂಕಣಿಯಲ್ಲಿ, ಬಹಳ ವಿನಯದಿಂದ ಹೇಳಿದ. ಆಂಟಿ, ನಾನು ಕಾರ್ಕಳದವನು. ಮದುವೆಯಾಗಿ ಎರಡು ಮಕ್ಕಳಿವೆ. ನನಗೊಬ್ಬ ತಮ್ಮನಿದ್ದಾನೆ, ಅವನಿಗೆ ಮದುವೆಯಾಗಿಲ್ಲ, ಹಲ್ಲೂ ನೆಟ್ಟಗಿದೆ.

ನರ್ಸಮ್ಮನ ಕೈಯ ಚಮಚ ನಿಂತಿತು. ಮೂರು ದಿನದಲ್ಲಿ ಮೊದಲ ಸಲ ಗಂಡ ತಲೆ ಎತ್ತಿದರು. ಹುಡುಗನನ್ನು ನೋಡಿ ಕೇಳಿದರು: "ನಿನ್ನ ತಮ್ಮ ನಡೆಯೋದು ಹೇಗೆ?"

೪. ಕುವೈತ್ ವಾಚು

ಕುವೈತಿನ ಶುವೈಖ್‌ನ ಒಂದು ಗೋದಾಮಿನ ಮೇಲ್ವಿಚಾರಕರು ಹೆಂಡತಿಯೊಂದಿಗೆ ಬಂದಿದ್ದರು. ಶಿಸ್ತಿನ ಮನುಷ್ಯ. ಅವರ ಕೈಗಡಿಯಾರ ಕುವೈತಿನಲ್ಲಿ ಮೊದಲ ಕೆಲಸ ಸಿಕ್ಕಾಗ ಕೊಂಡದ್ದು. ಅದರ ಮುಳ್ಳನ್ನು ಅವರು ಯಾವ ದೇಶಕ್ಕೆ ಹೋದರೂ ತಿರುಗಿಸುತ್ತಿರಲಿಲ್ಲ. ಊರಿಗೆ ರಜೆಗೆ ಹೋದಾಗಲೂ ಅದು ಕುವೈತ್ ಸಮಯವನ್ನೇ ತೋರಿಸುತ್ತಿತ್ತು. ಇಟಲಿಯಲ್ಲಿ ಬೇಸಿಗೆಗೆ ಕುವೈತಿಗಿಂತ ಒಂದು ಗಂಟೆ ಹಿಂದೆ. ಹೀಗಾಗಿ ನೇಪಲ್ಸ್‌ನಲ್ಲಿ ಐದಕ್ಕೆ ಹಡಗಿಗೆ ಬನ್ನಿ ಎಂದರೆ ಅವರು ನಾಲ್ಕಕ್ಕೇ ಬಂದು, ಏಣಿಯ ಬುಡದಲ್ಲಿ ನಿಂತು, ನಂತರ ಬಂದವರನ್ನೆಲ್ಲ ಸಮಯಪ್ರಜ್ಞೆ ಇಲ್ಲದವರೆಂದು ಬೈದರು. ಮಾಲ್ಟಾದಲ್ಲೂ ಹಾಗೆಯೇ. ಅವರ ಹೆಂಡತಿ ನನ್ನ ಹತ್ತಿರ ಬಂದು, ಇಷ್ಟು ದೂರ ಬಂದು ನಾನು ನೋಡಿದ್ದು ಬಂದರಿನ ಗೇಟು ಮಾತ್ರ, ನೀವಾದರೂ ಹೇಳಿ ಎಂದು ಬೇಡಿಕೊಂಡರು.

ನಾನು ಹೇಳಿದೆ. ಎಂಜಿನಿಯರ್ ಹೇಳಿದರು. ಅಜ್ಜಿಯೂ ಹೇಳಿದರು. ಕೊನೆಗೆ ಮೇಲ್ವಿಚಾರಕರು ಒಂದು ರಾಜಿಗೆ ಬಂದರು. ಮುಳ್ಳು ತಿರುಗಿಸುವುದಿಲ್ಲ, ಆದರೆ ಮನಸ್ಸಿನಲ್ಲಿ ಒಂದು ಗಂಟೆ ಕಳೆಯುತ್ತೇನೆ ಎಂದರು. ನಮಗೆಲ್ಲ ಸಂತೋಷವಾಯಿತು.

ಮರುದಿನದ ಬಂದರು ಗ್ರೀಸ್‌ನದು. ಬೇಸಿಗೆಯಲ್ಲಿ ಗ್ರೀಸ್‌ನ ಸಮಯವೂ ಕುವೈತಿನ ಸಮಯವೂ ಒಂದೇ. ಹಡಗಿನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಟ್ಟಿದ್ದೇವೆ ಎಂದು ಎಲ್ಲರ ಕೋಣೆಗೂ ಚೀಟಿ ಬಂದಿತ್ತು. ಮೇಲ್ವಿಚಾರಕರು ಚೀಟಿ ಓದಲಿಲ್ಲ. ಗಡಿಯಾರದ ವಿಷಯ ಇತ್ಯರ್ಥವಾಗಿದೆಯಲ್ಲ.

ಅಂದೂ ಐದಕ್ಕೆ ಎಲ್ಲರೂ ಹಡಗಿನಲ್ಲಿರಬೇಕು. ಐದಕ್ಕೆ ಕಾಲು ಗಂಟೆಯಿದ್ದಾಗ ತಲೆ ಎಣಿಸಿದೆ. ಹದಿನಾರು. ಮತ್ತೆ ಎಣಿಸಿದೆ. ಹದಿನಾರೇ. ಮುದೀರ್ ಮುಖ ಕಣ್ಣಮುಂದೆ ಬಂತು. ಕಟ್ಟೆಯುದ್ದಕ್ಕೂ ಓಡಿದೆ. ನೀರಿನಂಚಿನ ಒಂದು ಕಾಫಿ ಅಂಗಡಿಯಲ್ಲಿ ಮೇಲ್ವಿಚಾರಕರೂ ಅವರ ಹೆಂಡತಿಯೂ ಆರಾಮವಾಗಿ ಕೂತಿದ್ದರು. ಆಕೆ ಐಸ್‌ಕ್ರೀಮ್ ತಿನ್ನುತ್ತಿದ್ದರು, ಆ ವಾರದಲ್ಲೇ ಅಷ್ಟು ಗೆಲುವಾಗಿ ಅವರನ್ನು ನಾನು ನೋಡಿರಲಿಲ್ಲ.

ಅವರು ವಾಚು ತೋರಿಸಿದರು. "ಇದರಲ್ಲಿ ನಾಲ್ಕು ಐವತ್ತು. ಅಂದರೆ ಮೂರು ಐವತ್ತು. ಇನ್ನೂ ಒಂದು ಗಂಟೆ ಹತ್ತು ನಿಮಿಷ ಇದೆ. ಕೂತ್ಕೊಳ್ಳಿ, ಕಾಫಿ ಕುಡೀರಿ."

ವಿವರಿಸಲು ಸಮಯವಿರಲಿಲ್ಲ. ವಾಚು ಇವತ್ತು ಸರಿಯಾಗಿದೆ, ಓಡಿ ಎಂದಷ್ಟೇ ಹೇಳಿದೆ. ಓಡಿದೆವು. ಏಣಿ ಎತ್ತಲು ನಿಂತಿದ್ದವರು ನಮ್ಮನ್ನು ಕಂಡು ತಡೆದರು. ಮೇಲೆ ಬಂದು ಉಸಿರು ತಿರುಗಿದ ಮೇಲೆ ಅವರು ನನ್ನ ಕಡೆ ನೋಡಿ, "ಇಷ್ಟು ವರ್ಷ ವಾಚು ನಂಬಿದ್ದೆ, ಒಂದಿನವೂ ತಡವಾಗಿರಲಿಲ್ಲ. ಒಂದಿನ ನಿಮ್ಮನ್ನ ನಂಬಿದೆ," ಎಂದರು.

ಹೆಂಡತಿ ಮಾತ್ರ ಕೋಪಿಸಿಕೊಳ್ಳಲಿಲ್ಲ. ಕೈಗೆಲ್ಲ ಕರಗಿ ಹರಿದಿದ್ದ ಐಸ್‌ಕ್ರೀಮನ್ನು ಒರೆಸಿಕೊಳ್ಳುತ್ತ ನನ್ನ ಹತ್ತಿರ ಮೆಲ್ಲಗೆ ಹೇಳಿದರು, "ಮದುವೆಯಾದಾಗಿನಿಂದ ಇವರು ರಸ್ತೇಲಿ ನನ್ನ ಕೈ ಹಿಡಿದದ್ದು ಇವತ್ತೇ. ನಾಳೆಯ ಬಂದರಿನ ಟೈಮೂ ಸ್ವಲ್ಪ ತಪ್ಪು ಹೇಳಿ."

೫. ಕೊನೆಯ ದಿನದ ಪೋಷಾಕು

ಹಡಗಿನ ವಾಸ ಮುಗಿಯುವಾಗ ಒಂದು ಪದ್ಧತಿಯಿದೆ. ಇಳಿಯುವ ಹಿಂದಿನ ರಾತ್ರಿ ಊಟವಾದ ಮೇಲೆ ಸೂಟ್‌ಕೇಸುಗಳಿಗೆ ಚೀಟಿ ಕಟ್ಟಿ ಕೋಣೆಯ ಹೊರಗಿಟ್ಟುಬಿಡಬೇಕು. ಹಡಗಿನವರೇ ಒಯ್ದು ಬಂದರಿನ ಶೆಡ್ಡಿನಲ್ಲಿ ಜೋಡಿಸಿರುತ್ತಾರೆ. ಬೆಳಿಗ್ಗೆಗೆ ಬೇಕಾದ್ದನ್ನು ಮಾತ್ರ ಕೈಚೀಲದಲ್ಲಿ ಇಟ್ಟುಕೊಳ್ಳಿ ಎಂದು ನಾನು ಎಲ್ಲರನ್ನೂ ಕೂರಿಸಿ ಹೇಳಿದ್ದೆ.

ಬೆಳಿಗ್ಗೆ ಏಳಕ್ಕೆ ನನ್ನ ಕೋಣೆಯ ಫೋನ್ ಹೊಡೆಯಿತು. ಎಂಜಿನಿಯರ್. ಒಂದು ಸಣ್ಣ ಟೆಕ್ನಿಕಲ್ ಪ್ರಾಬ್ಲಂ ಇದೆ, ಸ್ವಲ್ಪ ಬನ್ನಿ ಎಂದರು.

ಹೋದೆ. ಬನಿಯನ್, ಚಡ್ಡಿಯಲ್ಲಿ ಮಂಚದ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೈಚೀಲ. ಅದರಲ್ಲಿ ಪಾಸ್‌ಪೋರ್ಟುಗಳು, ಮಾತ್ರೆಗಳು, ಕ್ಯಾಮೆರಾ, ಬ್ರಷ್ಷು, ಒಂದು ಟೀ ಶರ್ಟು, ಎಲ್ಲವೂ ಒಪ್ಪವಾಗಿದ್ದವು. ಪ್ಯಾಂಟ್ ಮಾತ್ರ ಇರಲಿಲ್ಲ. ರಾತ್ರಿ ಅವರು ಸ್ನಾನಕ್ಕೆ ಹೋದಾಗ ಡಾಕ್ಟರಮ್ಮ ಕುರ್ಚಿಯ ಮೇಲಿದ್ದ ಪ್ಯಾಂಟನ್ನೂ ಮಡಿಚಿ ಸೂಟ್‌ಕೇಸಿಗೆ ಹಾಕಿದ್ದರು. ಆಕೆ ಕಿಟಕಿಯ ಕಡೆ ಮುಖಮಾಡಿ ನಿಂತಿದ್ದರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಬೆನ್ನು ನೋಡಿ ಹೇಳುವಂತಿರಲಿಲ್ಲ.

ನನ್ನ ಕೈಚೀಲದಲ್ಲಿದ್ದ ಇನ್ನೊಂದು ಪ್ಯಾಂಟ್ ತಂದುಕೊಟ್ಟೆ. ಅದು ಅವರ ಮಂಡಿಯ ಮೇಲೆ ಏರಲಿಲ್ಲ. ಹಡಗಿನ ಅಂಗಡಿ ಮುಚ್ಚಿತ್ತು. ಟವಲ್ ಸುತ್ತಿಕೊಂಡು ಇಳಿಯುತ್ತೇನೆ ಎಂದರು. ಆಗ ಪಕ್ಕದ ಕೋಣೆಯಿಂದ ಅಜ್ಜಿ ಬಂದರು. ವಿಷಯ ಕೇಳಿದರು. ತಮ್ಮ ಬಟ್ಟೆಯ ಚೀಲದಿಂದ ಒಂದು ಸೀರೆ ತೆಗೆದರು. ಕೆನೆ ಬಣ್ಣ, ಸಣ್ಣ ಜರಿಯಂಚು. ಅಪರಿಚಿತರ ಕೈಗೆ ಸೀರೆ ಕೊಡುವುದಿಲ್ಲವೆಂದು ಸೂಟ್‌ಕೇಸಿಗೆ ಹಾಕಿರಲಿಲ್ಲ.

"ಎದ್ದು ನಿಂತ್ಕೊ," ಎಂದರು ಮಗನಿಗೆ.

ಐವತ್ತರ ಹತ್ತಿರದ ಎಂಜಿನಿಯರ್ ಎದ್ದು ಕೈ ಅಗಲಿಸಿ ನಿಂತರು. ಸೀರೆಯನ್ನು ಎರಡು ಪದರ ಮಡಿಚಿ, ನೆರಿಗೆ ಹಿಡಿದು, ಕಚ್ಚೆ ಹಾಕಿ ಬಿಗಿದು ಕಟ್ಟಿದರು ಅಜ್ಜಿ. ಕೊನೆಯ ಸಲ ನಿನಗೆ ಕಚ್ಚೆ ಉಡಿಸಿದ್ದು ಮುಂಜಿಯಲ್ಲಿ, ಆಗಲೂ ನೆಟ್ಟಗೆ ನಿಲ್ಲುತ್ತಿರಲಿಲ್ಲ ಎಂದರು. ಮಗನ ಕಣ್ಣು ಸ್ವಲ್ಪ ಒದ್ದೆಯಾಗಿತ್ತು. ನಾಚಿಕೆಗೋ ಇನ್ನೇನಕ್ಕೋ, ನಾನು ಕೇಳಲಿಲ್ಲ.

ಇಳಿಯುವ ಬಾಗಿಲಲ್ಲಿ ಅವರು ಎಲ್ಲರ ಹಿಂದೆ ಬಚ್ಚಿಟ್ಟುಕೊಂಡು ಬಂದರು. ಪ್ರಯೋಜನವಾಗಲಿಲ್ಲ. ಬೀಳ್ಕೊಡಲು ನಿಂತಿದ್ದ ಕ್ಯಾಪ್ಟನ್ ಇವರನ್ನು ಕಂಡು ಟೋಪಿ ತೆಗೆದು ಕೈಕುಲುಕಿದರು. ಹಡಗಿನ ಫೋಟೋಗ್ರಾಫರ್ ಹೆಂಗಸು ನಾಲ್ಕು ಫೋಟೋ ತೆಗೆದು, ಒಂದು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಇಟಲಿಯ ಇಬ್ಬರು ಮುದುಕಿಯರು ಅಂಚನ್ನು ಮುಟ್ಟಿ ನೋಡಿದರು. ಶೆಡ್ಡಿನಲ್ಲಿ ಸೂಟ್‌ಕೇಸ್ ಸಿಕ್ಕಿತು. ಪ್ಯಾಂಟ್ ತೆಗೆದುಕೊಡಲು ಡಾಕ್ಟರಮ್ಮ ಬೀಗಕ್ಕೆ ಕೈಹಾಕಿದರು. ಅಷ್ಟು ಹೊತ್ತಿಗೆ ಎಂಜಿನಿಯರ್ ಎದೆ ಸೆಟೆಸಿ ನಿಂತಿದ್ದರು. ಇರಲಿ ಬಿಡು, ಇದೇ ಆರಾಮವಾಗಿದೆ ಎಂದರು. ಏರ್‌ಪೋರ್ಟಿಗೂ ಹಾಗೆಯೇ ಬಂದರು.

ಆ ಸಂಸಾರ ಆಮೇಲೆ ಕೆನಡಾಕ್ಕೆ ಹೋಯಿತು. ಅಜ್ಜಿ ಈಗಿಲ್ಲ. ಮುದೀರ್ ತಮ್ಮ ದೇಶಕ್ಕೆ ಮರಳಿದರು. ನಾನೂ ತುಮಕೂರಿಗೆ ಬಂದು ಬಹಳ ವರ್ಷವಾಯಿತು. ಆದರೆ ಆ ಫೋಟೋ ನನ್ನ ಹತ್ತಿರ ಇದೆ. ಆ ಪ್ರವಾಸದ ಮರುವರ್ಷ ಹಡಗಿನ ಕಂಪನಿಯವರ ಹೊಸ ಪುಸ್ತಕ ಬಂದಾಗ ಒಳಪುಟದ ತುಂಬ ಅದೇ. ನಮ್ಮ ಎಂಜಿನಿಯರ್, ಟೀ ಶರ್ಟು, ಕೂಲಿಂಗ್ ಗ್ಲಾಸು, ಜರಿಯಂಚಿನ ಕಚ್ಚೆ. ಕೆಳಗೆ, ನಮ್ಮ ಅತಿಥಿಗಳು ಘನತೆಯಿಂದ ಇಳಿಯುತ್ತಾರೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಮುದೀರ್ ಅದನ್ನು ಕಟ್ಟುಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದರು.

ಆ ವಾರವೇ ಕ್ರೂಸಿಗೆ ಹೆಸರು ಬರೆಸಿದ್ದ ಉಡುಪಿ ಕಡೆಯ ಒಬ್ಬರು ಫೋನ್ ಮಾಡಿದರು. ಧ್ವನಿಯಲ್ಲಿ ನಿಜವಾದ ಆತಂಕವಿತ್ತು.

"ಮಾರಾಯ್ರೆ, ಆಫೀಸಲ್ಲಿ ಫೋಟೋ ನೋಡಿದೆ. ಹಡಗಿಂದ ಇಳಿಲಿಕ್ಕೆ ಕಚ್ಚೆ ಕಡ್ಡಾಯವಾ? ನನ್ನ ಹತ್ರ ಇರುವುದು ಚೌಕಳಿ ಲುಂಗಿ ಮಾತ್ರ."