ಹೊಲಿಗೆಯ ಗುಂಪಿನಲ್ಲಿ ಆಡಿನ ಮರಿ

ನಮ್ಮ ಕಡೆ ಯಾರೂ ಬಂದ ಕೂಡಲೇ ಬಂದ ವಿಷಯ ಹೇಳುವುದಿಲ್ಲ. ಹಾಗೆ ಹೇಳುವುದು ಮರ್ಯಾದೆಯಲ್ಲ. ಮೊದಲು "ಊಟಾ ಆತೇನ್ರಿ?" ಎನ್ನಬೇಕು. ಆಮೇಲೆ ಮಳೆಯ ಸುದ್ದಿ, ಅತ್ತೆಯ ಮೊಣಕಾಲಿನ ಸುದ್ದಿ, ಎಮ್ಮೆ ಹಾಲು ಕೊಡುತ್ತಿದೆಯೋ ಒದೆಯುತ್ತಿದೆಯೋ ಎಂಬ ಸುದ್ದಿ. ಎದ್ದು ಚಪ್ಪಲಿ ಮೆಟ್ಟುವಾಗ "ಅಂದಂಗ, ಒಂದ ಮಾತು" ಎಂದರೆ, ಹಾಂ, ಈಗ ವಿಷಯ ಬಂತು ಎಂದು ತಿಳಿಯಬೇಕು. ಒಮ್ಮೆ ನಮ್ಮ ಹಿತ್ತಲಿನ ಬಣವೆಗೆ ಕಿಡಿ ಹಾರಿದಾಗ ಹೇಳಲು ಓಡಿಬಂದ ಪಕ್ಕದ ಮನೆಯ ಅಜ್ಜಿ ಕೂಡ ಬಾಗಿಲಲ್ಲಿ ನಿಂತು, ಏದುಸಿರಿನಲ್ಲೇ "ಚಹಾ ಕುಡದ್ರ್ಯಾ?" ಎಂದು ಕೇಳಿದ್ದಳು. ಕುಡಿದೆವು ಎಂದ ಮೇಲೆಯೇ ಬಣವೆಯ ಮಾತು ಬಂದದ್ದು. ಇಂಥ ಊರಲ್ಲಿ ಹುಟ್ಟಿ, ಇದೇ ನೀರು ಕುಡಿದು ಬೆಳೆದ ನಾನು, ಎಲ್ಲರೂ ನೇರವಾಗಿ ವಿಷಯಕ್ಕೇ ಬರತಕ್ಕದ್ದು ಎಂದು ಒಂದು ಕಾನೂನು ಮಾಡಿದೆ. ಯಾವ ಗಳಿಗೆಯಲ್ಲಿ ನನಗೆ ಆ ಬುದ್ಧಿ ಬಂತೋ ಕಾಣೆ.

ನಾನು ಅಕ್ಕಿಆಲೂರಿನಲ್ಲಿ ಮನೆಯ ಪಡಸಾಲೆಯಲ್ಲೇ ಮಷೀನು ಇಟ್ಟುಕೊಂಡು ಕುಪ್ಪಸ ಹೊಲಿಯುವವಳು. ಹಿಂದೆ ಹಾನಗಲ್ಲಿನಲ್ಲಿ ಹೊಲಿಗೆ ಕಲಿಯಲು ಒಟ್ಟಿಗೆ ಕುಳಿತಿದ್ದ ಹೆಂಗಸರೆಲ್ಲ ಸೇರಿ ವಾಟ್ಸಾಪಿನಲ್ಲಿ 'ಸೂಜಿ-ದಾರ ಬಳಗ' ಎಂದು ಒಂದು ಗುಂಪು ಮಾಡಿಕೊಂಡೆವು. ಕಲಿಯುವಾಗ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದವಳು ನಾನೇ ಆದ್ದರಿಂದ ಅಡ್ಮಿನ್ ಪದವಿ ನನಗೇ ಬಂತು. ಸವಣೂರಿನ ಶಮೀಮ್ ಆಪಾ, ಹಿರೇಕೆರೂರಿನ ಹತ್ತಿರ ಹಂಸಭಾವಿಯ ನೀಲವ್ವ, ಶಿಗ್ಗಾಂವಿಯ ರೇಣುಕಾ, ಇನ್ನೂ ಸುತ್ತಮುತ್ತಲಿನ ಹಲವರು ಅದರಲ್ಲಿದ್ದಾರೆ. ಕುತ್ತಿಗೆಯ ಹೊಸ ಮಾದರಿ, ತೋಳಿನ ಅಳತೆ ಹಂಚಿಕೊಳ್ಳುವುದು ಗುಂಪಿನ ಉದ್ದೇಶ. ಆದರೆ ಉದ್ದೇಶ ಒಂದು ಕಡೆ, ಮಾತು ಇನ್ನೊಂದು ಕಡೆ. ಬೆಳಿಗ್ಗೆ ಎದ್ದರೆ ರೇಣುಕಾಳ ರೊಟ್ಟಿ ಉಬ್ಬಿದ ಚಿತ್ರ. ಅದಕ್ಕೆ ನೀಲವ್ವ, "ನಿನ್ನ ರೊಟ್ಟಿ ಉಬ್ಬತಾವು, ನನ್ನ ಅತ್ತಿ ಮಾರಿ ಉಬ್ಬತೈತಿ" ಎನ್ನುವುದು. ಅದಕ್ಕೆ ಎಲ್ಲರೂ ನಗುವ ಮುಖ ಹಾಕುವುದು. ನಡುವೆ ಮೆಕ್ಕೆಜೋಳ ಒಣಹಾಕಿದ ಚಿತ್ರ. ನಾನು ಕುಪ್ಪಸದ ಬೆನ್ನಿಗೆ ಕಟ್ಟುವ ಡೋರಿಯ ಬಗ್ಗೆ ಕೇಳಿದ ಪ್ರಶ್ನೆ ಇವೆಲ್ಲದರ ಕೆಳಗೆ ಹೂತುಹೋಗಿ, ಸಂಜೆ ಹುಡುಕಿದರೂ ಸಿಗುತ್ತಿರಲಿಲ್ಲ.

ಒಂದು ದಿನ ನನಗೆ ರೇಗಿತು. ಗುಂಪಿನಲ್ಲಿ ಹೀಗೆ ಬರೆದೆ: "ಈ ಗುಂಪಿನಲ್ಲಿ ಹೊಲಿಗೆಗೆ ಸಂಬಂಧಿಸಿದ ವಿಷಯಗಳನ್ನು ಮಾತ್ರ ಹಂಚಿಕೊಳ್ಳತಕ್ಕದ್ದು. ಇತರೆ ಹರಟೆಯನ್ನು ಅಳಿಸಲಾಗುವುದು." ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಒಮ್ಮೆಯೂ ಬರದ 'ತಕ್ಕದ್ದು' ಅಂದು ಹೇಗೆ ಬಂತೋ! ಬರೆದು ಮುಗಿಸಿ ಸ್ವಲ್ಪ ಹೊತ್ತಾಗಿರಬೇಕು, ಶಮೀಮ್ ಆಪಾ ಒಂದು ಆಡಿನ ಮರಿಯ ಚಿತ್ರ ಹಾಕಿದರು. ತಾಯಿ ಸತ್ತ ಮರಿಯನ್ನು ಅವರು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕುತ್ತಿದ್ದ ಸುದ್ದಿ ನಮಗೆಲ್ಲ ಗೊತ್ತಿತ್ತು. ನಾನು ಚಿತ್ರವನ್ನು ಸರಿಯಾಗಿ ನೋಡದೆಯೇ ಅಳಿಸಿ, "ಇದು ಆಡಿನ ಗುಂಪಲ್ಲ" ಎಂದು ಬರೆದೆ. "ಮಾಫ್ ಮಾಡ್ರಿ ಮೇಡಂ" ಎಂದು ಉತ್ತರ ಬಂತು. ನಿನ್ನೆಯವರೆಗೆ ಅಕ್ಕ ಆಗಿದ್ದವಳು ಒಂದೇ ಏಟಿಗೆ ಮೇಡಂ ಆದೆ. ಆಗ ಅದು ಬಡ್ತಿ ಎಂದೇ ತಿಳಿದು ಬೀಗಿದೆ.

ಅಂದಿನಿಂದ ಗುಂಪು ತೊಳೆದಿಟ್ಟ ಪಾತ್ರೆಯ ಹಾಗೆ ಸ್ವಚ್ಛವಾಯಿತು. ಮೊದಲು ಹರಟೆ ನಿಂತಿತು, ಆಮೇಲೆ ಹೊಲಿಗೆಯ ಮಾತೂ ನಿಂತಿತು. ಊಟದ ಮಾತಿಲ್ಲದೆ ತೋಳಿನ ಅಳತೆ ಕೇಳುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಫೋನು ಮಷೀನಿನ ಪಕ್ಕದಲ್ಲಿ ತೆಪ್ಪಗೆ ಬಿದ್ದಿರುತ್ತಿತ್ತು. ನೀಲವ್ವನ ಅತ್ತೆ ಈಗ ಮುಖ ಊದಿಸಿದ್ದಾಳೋ ಇಳಿಸಿದ್ದಾಳೋ ತಿಳಿಯದೆ ನನಗೇ ಒಂಥರಾ ತಳಮಳ. ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ಅಡ್ಮಿನ್ ಪದವಿ ಅಡ್ಡ ಬರುತ್ತಿತ್ತು.

ಹಾಗಿರುವಾಗ ಹಿಂದಿನ ಓಣಿಯ ಗಂಗವ್ವ ಮಗಳ ಮದುವೆಗೆಂದು ಒಂದು ಖಣ ತಂದುಕೊಟ್ಟಳು. ನವಿಲುಗೊರಳಿನ ಬಣ್ಣ, ಕೆಂಪು ಅಂಚು. ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ. ಅಳತೆಗೆ ತಕ್ಕಷ್ಟೇ ಇತ್ತು, ಒಂದು ಬೆರಳೂ ಹೆಚ್ಚಿರಲಿಲ್ಲ. "ಈ ಬಣ್ಣದ್ದು ಇದೊಂದ ಉಳದಿತ್ತಂತವಾ, ಅಂಗಡಿಯಾಂವ ಇನ್ನ ಬರೂದಿಲ್ಲ ಅಂದ. ನಿನ್ನ ಕೈಯಾಗ ಕೊಟ್ಟೇನಿ, ಇನ್ನ ನನಗ ಚಿಂತಿಲ್ಲ" ಎಂದು ಹೇಳಿ ಹೋದಳು. ಸಂತೆಯ ಮರುದಿನ ಬಂದು ಒಯ್ಯುವುದೆಂದು ಮಾತಾಯಿತು.

ಸಂತೆಯ ಹಿಂದಿನ ದಿನ ಮಧ್ಯಾಹ್ನ ಕತ್ತರಿಸಲು ಕುಳಿತೆ. ಮಾತಿಲ್ಲದ ಮನೆಯಲ್ಲಿ ಮನಸ್ಸು ಎಲ್ಲೋ ಹೋಗಿತ್ತು. ಕತ್ತರಿ ಇಟ್ಟು ನೋಡಿದರೆ, ಎರಡೂ ಬಲತೋಳು! ಬಟ್ಟೆಯನ್ನು ಮಡಿಚದೆ, ತೋಳಿನ ಅಳತೆಯ ಒಂದೇ ಕಾಗದವನ್ನು ಒಂದೇ ಮಗ್ಗುಲಿಗೆ ಎರಡು ಸಲ ಇಟ್ಟು ಕತ್ತರಿಸಿದ್ದೆ. ಎರಡೂ ಮಗ್ಗುಲು ಒಂದೇ ಆಗಿರುವ ಬಟ್ಟೆಯಾದರೆ ಒಂದನ್ನು ತಿರುವಿಹಾಕಬಹುದಿತ್ತು. ಖಣದ ಒಳಮಗ್ಗುಲು ನೂಲು ನೂಲಾಗಿ ಕಾಣುತ್ತದೆ. ಕಲಿಯಲು ಬಂದ ಮೊದಲ ವಾರದಲ್ಲಿ ಎಲ್ಲರೂ ಮಾಡುವ ತಪ್ಪು ಇದು, ಹಾಗೆ ಮಾಡಿದವರನ್ನು ನೋಡಿ ಹೆಚ್ಚು ನಕ್ಕವಳೂ ನಾನೇ. ಮದುಮಗಳಿಗೆ ಎರಡು ಬಲಗೈ ಇದ್ದರಷ್ಟೇ ಈ ಕುಪ್ಪಸ ಹೊಂದುವಂತಿತ್ತು.

ಫೋನು ಎತ್ತಿಕೊಂಡು ಗುಂಪಿನಲ್ಲಿ ಬರೆದೆ: "ಎರಡೂ ತೋಳುಗಳು ಒಂದೇ ಬದಿಯವಾಗಿವೆ. ಖಣ ಮುಗಿದಿದೆ. ಪರಿಹಾರ ತಿಳಿಸಿ." ನೋಡಿದವರ ಗುರುತು ಒಂದೊಂದಾಗಿ ಮೂಡಿತು, ಉತ್ತರ ಮಾತ್ರ ಬರಲಿಲ್ಲ. ಯಾರೋ ಒಬ್ಬರು ಹೆಬ್ಬೆರಳು ತೋರಿಸಿ ಹೋದರು. ಅಕ್ಕಿ ಗಿರಣಿಯಿಂದ ಊಟಕ್ಕೆ ಬಂದಿದ್ದ ನನ್ನ ಗಂಡ, ನಾನು ಕಣ್ಣು ಒರೆಸಿಕೊಳ್ಳುವುದನ್ನು ಕಂಡು ಫೋನು ತೆಗೆದುಕೊಂಡು ಓದಿದರು.

"ಇದೇನ ಇದು, ಕಚೇರಿ ನೋಟೀಸು! ಮಂದಿ ಮನೀಗೆ ಹೋದ್ರ ಹೊಸ್ತಿಲದಾಗ ನಿಂತು 'ಪರಿಹಾರ ತಿಳಿಸಿ' ಅಂತೀಯೇನ? ಮೊದಲ ಊಟಾ ಆತೇನ ಅಂತ ಕೇಳು."

"ನಾನ ಅದನ್ನ ಬಂದ್ ಮಾಡೇನಿ."

"ಬಂದ್ ಮಾಡಿದಾಕಿನ ತಗೀಬೇಕು. ಇನ್ಯಾರ ತಗೀತಾರ?" ಎಂದವರೇ ರೊಟ್ಟಿ ಮುರಿಯತೊಡಗಿದರು.

ಮಾನ ಬದಿಗಿಟ್ಟು ಬರೆದೆ: "ಊಟಾ ಆತೇನ್ರಿ ಎಲ್ಲಾರದೂ?"

ಅಷ್ಟೇ ಸಾಕಾಯಿತು. ಕಟ್ಟೆ ಒಡೆದ ಹಾಗೆ ಮಾತು ನುಗ್ಗಿತು. "ಯಕ್ಕಾ, ಎಲ್ಲಿ ಊಟ! ಮೋಡ ಕವದೈತಿ, ಮೆಕ್ಕೆಜೋಳ ಬಳದು ಚೀಲಕ್ಕ ತುಂಬಾಕತ್ತೇನಿ. ಅತ್ತಿ ಕುರ್ಚೆದಾಗ ಕುಂತು ನನಗ ಬಳಿಯೂದು ಕಲಸಾಕತ್ತಾಳ" ಎಂದು ನೀಲವ್ವ. "ನನ್ನ ಊಟ ಆತು, ನಿನ್ನ ಸಿಟ್ಟು ಇಳೀತೇನಕ್ಕ?" ಎಂದು ರೇಣುಕಾ. ಬಹಳ ದಿನಗಳ ಮೇಲೆ 'ಅಕ್ಕ' ಎಂದು ಓದಿ ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಶಮೀಮ್ ಆಪಾ ಮಾತ್ರ ಸುಮ್ಮನಿದ್ದರು. "ಆಪಾ, ಮರಿ ಆರಾಮೈತೇನ್ರಿ?" ಎಂದು ನಾನೇ ಕೇಳಿದೆ. ತಕ್ಷಣ ಅವರ ಧ್ವನಿಸಂದೇಶ ಬಂತು: "ನೀ ಕೇಳ್ತಿ ಅಂತನ ಕುಂತಿದ್ದೆ ನೋಡವಾ. ಭಾಳ ಮಸ್ತ್ ಐತಿ. ಥಂಡಿಗೆ ಅಂಗಿ ಹೊಲದು ಹಾಕೇನಿ, ಅವತ್ತ ಅದನ್ನ ತೋರಸಾಕ ಫೋಟೋ ಹಾಕಿದ್ದೆ." ಹಿಂದೆಯೇ ಮರಿಯ ಚಿತ್ರ ಬಂತು.

ನೋಡಿದೆ. ಮತ್ತೊಮ್ಮೆ ದೊಡ್ಡದು ಮಾಡಿ ನೋಡಿದೆ. ಮರಿಯ ಬೆನ್ನ ಮೇಲೆ ನವಿಲುಗೊರಳಿನ ಖಣ, ಕೆಂಪು ಅಂಚು. ಅಂದು ನಾನು ಹರಟೆಯೆಂದು ಅಳಿಸಿದ ಆ ಚಿತ್ರ ಅಪ್ಪಟ ಹೊಲಿಗೆಯ ವಿಷಯವಾಗಿತ್ತು! "ಆಪಾ, ಆ ಖಣ!" ಎಂದು ಫೋನು ಹಚ್ಚಿ ಕಿರುಚಿದೆ. ಯಾರದೋ ಕುಪ್ಪಸ ಹೊಲಿದು ಉಳಿದದ್ದಂತೆ. ಮರಿಯ ಅಂಗಿಗೆ ಬಳಸಿದ ಮೇಲೂ ಒಂದು ತೋಳಿಗಾಗುವಷ್ಟು ಪೆಟ್ಟಿಗೆಯಲ್ಲಿತ್ತಂತೆ. "ನನ್ನ ತಮ್ಮ ನಾಳೆ ನಿಮ್ಮೂರ ಸಂತಿಗೆ ಎಲಿ ಮಾರಾಕ ಬರ್ತಾನ, ಕೊಟ್ಟ ಕಳಸ್ತೇನಿ. ಅಳಬ್ಯಾಡ" ಎಂದರು. ಅಂದು ಎರಡು ರೊಟ್ಟಿ ಹೆಚ್ಚೇ ತಿಂದೆ.

ಮರುದಿನ ಸವಣೂರಿನ ವೀಳ್ಯದೆಲೆಯ ಪೆಂಡಿಯ ಜೊತೆ ಖಣ ಬಂತು. ಈ ಸಲ ಕಾಗದವನ್ನು ತಿರುವಿ ಇಟ್ಟು, ಗಂಡನನ್ನು ಕರೆದು ತೋರಿಸಿ, ಅವರ ಎಡಗೈಗೇ ಹಿಡಿದು ನೋಡಿ ಕತ್ತರಿಸಿದೆ. ಗಂಗವ್ವನ ಮಗಳು ಕುಪ್ಪಸ ತೊಟ್ಟು ಕನ್ನಡಿಯ ಮುಂದೆ ತಿರುಗಿದಾಗ ನನ್ನ ಜೀವ ತಣ್ಣಗಾಯಿತು. ಉಳಿದ ಒಂದು ಬಲತೋಳನ್ನು ಶಮೀಮ್ ಆಪಾಗೆ ಕಳಿಸಿದೆ. ಅವರು ಅದನ್ನು ಮರಿಯ ತಲೆಗೆ ಕುಲಾಯಿ ಮಾಡಿ ಹಾಕಿದ ಚಿತ್ರ ಈಗ ಗುಂಪಿನ ಮುಖಚಿತ್ರವಾಗಿದೆ, ಹಾಕಿದವಳು ನಾನೇ. ಡೋರಿಯ ಬಗ್ಗೆ ಕೇಳಿದ ಪ್ರಶ್ನೆ ಮತ್ತೆ ರೊಟ್ಟಿಗಳ ಕೆಳಗೆ ಕಳೆದುಹೋಗಿದೆ, ಹುಡುಕುತ್ತಿಲ್ಲ.

ಮೊನ್ನೆ ಗಂಗವ್ವ ಬಂದಿದ್ದಳು. ಊಟ, ಮಳೆ, ಅಳಿಯ, ಎಲ್ಲ ಮುಗಿದು ಚಪ್ಪಲಿ ಮೆಟ್ಟುವಾಗ, "ಅಂದಂಗ, ಒಂದ ಮಾತು. ಅದೇನೋ ಗುಂಪು ಮಾಡೀರಂತ, ಭಾಳ ನಗ್ತೀರಂತ. ನನ್ನೂ ಹಾಕವಾ" ಎಂದಳು.

ಅವಳದೇ ಖಣದ ಕುಲಾಯಿ ತೊಟ್ಟ ಮರಿ ಇದ್ದ ಫೋನನ್ನು ನಾನು ಸೆರಗಿನ ಮರೆಗೆ ಸರಿಸಿದೆ.

"ಛೇ, ಅಲ್ಲೆಲ್ಲಿ ನಗೂದು ಗಂಗವ್ವ? ಬರೀ ಹೊಲಿಗಿ ವಿಷಯ. ಬ್ಯಾರೆ ಮಾತು ಆಡಿದ್ರ ಅಡ್ಮಿನ್ ಭಾಳ ಬೈತಾಳ."