ಅತ್ತೆ ಕೊಡದ ನಾಲ್ಕು ಹಾಳೆಗಳು

ನಮ್ಮ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಪುಸ್ತಕ ಓದುವ ಹುಚ್ಚಿರಲಿಲ್ಲ. ಪುಸ್ತಕ ಹರಿಯುವ ಹುಚ್ಚಿತ್ತು! ಹೀಗೆ ಬರೆದರೆ ರಾಯಬಾಗದಲ್ಲಿರುವ ಅವಳ ಮಕ್ಕಳು ನನ್ನ ಮೇಲೆ ಸಿಟ್ಟಾಗುತ್ತಾರೆ. ಆಗಲಿ. ಹರಿದದ್ದು ನನ್ನ ಪುಸ್ತಕ, ಅದೂ ನನ್ನ ಮದುವೆಯ ಪುಸ್ತಕ.

ಎಂಬತ್ತರ ದಶಕದ ಮಾತು. ಅಪ್ಪ ತೀರಿಕೊಂಡು ವರ್ಷ ಕಳೆದಿತ್ತು. ಅಥಣಿ ಕಡೆಯ ಹುಡುಗನೊಂದಿಗೆ ನನ್ನ ಲಗ್ನ ಗೊತ್ತಾಗಿತ್ತು. ಚಿಕ್ಕೋಡಿಯ ನಮ್ಮ ಮನೆಯಲ್ಲಿ ಓಡಾಡುವವರು ಅವ್ವ ಮತ್ತು ಕಾಕಾ, ಇಬ್ಬರೇ. ಪಾಪ, ಕಾಕಾ ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ಇಟ್ಟಿಗೆಯಷ್ಟು ದಪ್ಪದ ಮರಾಠಿ ಲಗ್ನ ವಿಶೇಷಾಂಕ ಕಂಡು, "ಇದರಾಗ ಎಲ್ಲಾ ಐತಂತ, ನೋಡಕೋ" ಎಂದು ತಂದುಕೊಟ್ಟ.

ಎಲ್ಲವೂ ಇತ್ತು, ತೊಂದರೆಯೇ ಅದು! ಶುರುವಿಗೇ ವಧುವಿಗೊಂದು ವೇಳಾಪಟ್ಟಿ. ಆರು ತಿಂಗಳ ಮುಂಚೆ ಕೂದಲು, ನಾಲ್ಕು ತಿಂಗಳ ಮುಂಚೆ ಚರ್ಮ, ಮೂರು ತಿಂಗಳ ಮುಂಚೆ ಕನ್ನಡಿಯೆದುರು ನಗುವ ಅಭ್ಯಾಸ. ನಗುವುದಕ್ಕೂ ಮೂರು ತಿಂಗಳ ತಾಲೀಮೇ? ನನ್ನ ಲಗ್ನಕ್ಕೆ ಉಳಿದದ್ದು ಇಪ್ಪತ್ತಾರೇ ದಿನ. ನಾನೋ ಬಸ್ಸು ಹತ್ತಿದರೆ ಟಿಕೆಟ್ ಕಳೆದೀತೆಂದೂ, ಇಳಿದರೆ ಊರು ತಪ್ಪಿತೇನೋ ಎಂದೂ ಬೆವರುವವಳು. ಹತ್ತನೇ ಪುಟಕ್ಕೆ ಕೈಕಾಲು ತಣ್ಣಗಾದವು, ಊಟ ಸೇರಲಿಲ್ಲ.

ಸುದ್ದಿ ತಿಳಿದು ಅತ್ತೆ ರಾಯಬಾಗದಿಂದ ಟ್ರಂಕು ಸಮೇತ ಬಂದಳು. ನನ್ನ ಹಣೆ ಮುಟ್ಟಿ ನೋಡಿದಳು, ಪುಸ್ತಕ ತಿರುವಿ ನೋಡಿದಳು. ಸೀದಾ ತನ್ನ ಟ್ರಂಕಿಗೆ ಹಾಕಿ ಕೀಲಿ ಜಡಿದಳು.

"ಅತ್ತಿ, ಅದನ್ನ ಓದಲಿಲ್ಲಂದ್ರ ಲಗ್ನ ಹೆಂಗ ಆಗೂದು?"

"ನಿಮ್ಮವ್ವ ಏನ್ ಓದಿ ಆಗಿದ್ಲು? ದಿನಕ್ಕ ಒಂದ ಹಾಳಿ ಕೊಡ್ತೀನಿ, ಗುಳಿಗಿ ಕೊಟ್ಟಂಗ. ಇಡೀ ಬಾಟ್ಲಿ ಒಮ್ಮೆಲೆ ನುಂಗತಾರೇನ ಬೇ?"

ಮರುದಿನದಿಂದ ಚಹಾದ ಬಸಿಯ ಕೆಳಗೆ, ಅಳತೆಪಟ್ಟಿ ಇಟ್ಟು ನೀಟಾಗಿ ಹರಿದ ಒಂದೊಂದೇ ಹಾಳೆ! ಅವಳು ಮೊದಲು ಓದದ ಹಾಳೆ ನನ್ನ ಕೈಗೆ ಬರುತ್ತಿರಲಿಲ್ಲ. ಅವಳ ಮೇಲೆ ಪ್ರಯೋಗವಾಗದ ಲೇಪ ನನ್ನ ಮುಖಕ್ಕೂ ಬರುತ್ತಿರಲಿಲ್ಲ. ಸೌತೆಕಾಯಿ, ಪುದೀನಾ ಅರೆದು ಬಳಿದುಕೊಂಡ ದಿನವೇ ಬೀಗರು ಹೇಳದೇ ಕೇಳದೇ ಬರಬೇಕೆ! ಬಾಗಿಲು ತೆರೆದವಳು ಯಾರು? ಕಣ್ಣೆರಡು ಬಿಟ್ಟರೆ ಪೂರಾ ಹಸಿರಾಗಿದ್ದ ಅತ್ತೆ. ಬೀಗರು ಎರಡು ಹೆಜ್ಜೆ ಹಿಂದೆ ಸರಿದರು.

"ಏನಾಗೇತ್ರಿ ಬಾಯಾರ?"

"ಬರ್ರಿ, ಬರ್ರಿ. ನಿಮ್ಮ ಸೊಸಿ ಸಲುವಾಗಿ ನಾ ಹಸರಾಗೇನ್ರಿ!"

"ಅಕ್ಕಾರ, ಮೊದ್ಲ ಮಾರಿ ತೊಳಕೋರಿ!" ಎಂದು ಒಳಗಿನಿಂದ ಅವ್ವನ ಗೋಳು. ಲಗ್ನ ಮುರಿಯಿತೆಂದೇ ಅಡುಗೆಮನೆಯಲ್ಲಿ ನಾನು ಗೋಡೆ ಹಿಡಿದು ಕೂತೆ. ಬೀಗರು ಎರಡು ಕಪ್ ಚಹಾ ಕುಡಿದು, ಹೋಗುವಾಗ ಅತ್ತೆಯನ್ನು ಮೆಲ್ಲಗೆ ಕೇಳಿದ್ದು ಇಷ್ಟೇ: "ಅದು ಗಂಡಸರಿಗೂ ನಡೀತೈತೇನ್ರಿ?"

ಆದರೆ ಚಿಂತೆಗೆ ಹುಟ್ಟಿದವಳಿಗೆ ಹೊಸ ಚಿಂತೆ ಸಿಗುವುದು ಎಷ್ಟು ಹೊತ್ತು? ನಾನು ಹಾಳೆಯ ಮಜಕೂರಿಗಿಂತ ಮೊದಲು ಪುಟದ ಅಂಕಿ ನೋಡುವವಳು. ಇಪ್ಪತ್ತೆರಡರ ಮರುದಿನ ಇಪ್ಪತ್ತೈದು ಬಂತು!

"ಅತ್ತಿ, ಇಪ್ಪತ್ತಮೂರು ಎಲ್ಲೈತಿ?"

"ಅದಾ? ಸಾಬಾಣದ ಜಾಹೀರಾತು. ಒಲಿಗೆ ಹಾಕಿದೆ."

ಆಮೇಲೆ ಮೂವತ್ತೈದು ಇಲ್ಲ, ನಲವತ್ತೊಂದು ಇಲ್ಲ, ನಲವತ್ತೊಂಬತ್ತೂ ಇಲ್ಲ. ಕೇಳಿದಾಗಲೆಲ್ಲ ಸಾಬಾಣ. ಅಷ್ಟು ಸಾಬೂನು ತಿಕ್ಕಿಕೊಂಡ ಮದುಮಗಳ ಚರ್ಮ ಉಳಿದೀತೇ? ಹಸೆಮಣೆಯ ಮೇಲೆ ಮೂರ್ಛೆ ಹೋದವರ ಕಥೆಗಳೇ ಆ ಪುಟಗಳಲ್ಲಿವೆ ಎಂದು ನಾನು ತೀರ್ಮಾನಿಸಿದೆ.

ನಿಜ ಹೇಳಿಬಿಡುತ್ತೇನೆ. ಈ ಸಣ್ಣ ಚಿಂತೆಗಳೆಲ್ಲ ಒಂದು ದೊಡ್ಡದರ ಮೇಲೆ ನಾನು ಹೊದಿಸಿದ ಕೌದಿ. ಧಾರೆ ಎರೆಯಲು ಅಪ್ಪನ ಜಾಗದಲ್ಲಿ ಕಾಕಾ ನಿಲ್ಲುವವನಿದ್ದ. ಆ ಹೊತ್ತಿಗೆ ಎಲ್ಲರೆದುರು ನಾನು ಕುಸಿದುಬಿಟ್ಟರೆ? ಇದನ್ನು ಅವ್ವನಿಗೂ ಹೇಳಿರಲಿಲ್ಲ.

ಆ ಗಳಿಗೆ ಬಂತು. ಅಪ್ಪನ ಜಾಗದಲ್ಲಿ ನಿಂತು ಕಾಕಾ ತಂಬಿಗೆ ಎತ್ತಿದ. ಇನ್ನೇನು ಕುಸಿದೆ ಎನ್ನುವಾಗ ತಲೆಯೆತ್ತಿದೆ. ಎದುರಿಗೇ ಅತ್ತೆ! ಗಲ್ಲ ಉಬ್ಬಿಸಿ, ತುಟಿ ಕಿವಿಯವರೆಗೆ ಎಳೆದು, ವಿಶೇಷಾಂಕದ ಮೂರು ತಿಂಗಳ ನಗುವಿನ ತಾಲೀಮನ್ನು ಅಷ್ಟು ಜನರ ನಡುವೆ ಒಂದೇ ನಿಮಿಷದಲ್ಲಿ ಮುಗಿಸುತ್ತಿದ್ದಾಳೆ! ನಾನು ಫಕ್ಕನೆ ನಕ್ಕೆ. ಧಾರೆಯ ಫೋಟೋದಲ್ಲಿ ಹಲ್ಲು ಕಿರಿದ ಮದುಮಗಳು ಇಡೀ ಚಿಕ್ಕೋಡಿಯಲ್ಲಿ ನಾನೊಬ್ಬಳೇ ಇದ್ದೇನು.

ಲಗ್ನದ ನಂತರ ಮೊದಲ ಸಲ ತವರಿಗೆ ಬಂದಾಗ ಅತ್ತೆ ಊರಿಗೆ ಹೊರಟಿದ್ದಳು. ಅವಳ ಸೀರೆ ಇಡಲೆಂದು ನಾನು ಟ್ರಂಕು ತೆರೆದೆ. ತಳದಲ್ಲಿ, ಕುಬಸದ ಖಣದೊಳಗೆ ಮಡಚಿಟ್ಟ ನಾಲ್ಕು ಹಾಳೆ. ಒಲೆಗೆ ಹಾಕಿರಲಿಲ್ಲ.

ಇಪ್ಪತ್ತಮೂರರ ಫೋಟೋದಲ್ಲಿ ಮಗಳ ಕೈಗೆ ಧಾರೆಯ ನೀರು ಬಿಡುತ್ತಿರುವ ಯಾರೋ ಒಬ್ಬ ಅಪ್ಪ. ಮೂವತ್ತೈದರಲ್ಲಿ ಅವಳ ಬಾಸಿಂಗ ಸರಿಮಾಡುತ್ತಿರುವ ಅಪ್ಪ. ಇನ್ನೆರಡರಲ್ಲೂ ಅಪ್ಪಂದಿರೇ, ಒಬ್ಬ ಕಾರಿನ ಬಾಗಿಲು ಹಿಡಿದು ನಿಂತಿದ್ದ, ಇನ್ನೊಬ್ಬ ಕಾರು ಹೋದ ಮೇಲೂ ನಿಂತೇ ಇದ್ದ. ಸಾಬೂನು ಎಲ್ಲೂ ಇರಲಿಲ್ಲ. ದಿನಾ ನನಗಿಂತ ಮೊದಲೆದ್ದು ಈ ಹಾಳೆಗಳನ್ನು ನೋಡಿದವಳು ತಮ್ಮನನ್ನು ಕಳೆದುಕೊಂಡ ಅಕ್ಕ ಎಂಬುದು, ಎಲ್ಲವನ್ನೂ ಚಿಂತಿಸುವ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

"ಏನ್ ಹುಡುಕಾಕತ್ತೀಯವ್ವಾ ಅಲ್ಲೆ?" ಹೊರಗಿನಿಂದ ಅತ್ತೆ ಕೂಗಿದಳು.

ಹಾಳೆಗಳನ್ನು ಇದ್ದ ಮಡಿಕೆಯಲ್ಲೇ ಮಡಚಿ ಖಣದೊಳಗೆ ಇಟ್ಟೆ.

"ಏನಿಲ್ಲತ್ತಿ, ಸಾಬಾಣದ ಜಾಹೀರಾತು."